ಮಾಘದ ತಂಗಳು

ಜ್ಯೇಷ್ಠ ಬಹುಳ ಪಾಡ್ಯದ ಬೆಳಗ್ಗೆ ನಮ್ಮೂರಿನ ನೆಲಗಟ್ಟನ್ನು ಏಳರಿಂದ ಎಂಟಕ್ಕೆ ಏರಿಸಿದರು. ಏರಿಸಿದ್ದರಿಂದ ಊರಿನ ಬಾವಿಗಳೆಲ್ಲ ಕೆಳಗಿಳಿದವು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನನ್ನ ಎಪ್ಪತ್ತೊಂದು ವರ್ಷಗಳಲ್ಲಿ ಇದು ಐದನೆಯ ಏರಿಕೆ. ಪ್ರತಿ ಸಲವೂ ಏರಿಸಿದವರು ಹಾರ ಹಾಕಿಸಿಕೊಂಡಿದ್ದಾರೆ, ಉಳಿದವರು ಖಾಲಿ ಕೊಡ ಹಿಡಿದು ಬಾವಿಯ ಕಟ್ಟೆಯ ಮೇಲೆ ಕೂತಿದ್ದಾರೆ.

ನಮ್ಮೂರಿನ ಬಾವಿಗಳಿಗೆ ಹಗ್ಗ ಗಡಗಡೆಗಳಿಲ್ಲ. ಪ್ರತಿ ಮನೆಯ ಪಡಸಾಲೆಯಲ್ಲೂ ಒಂದು ಯಂತ್ರವಿದೆ. ಮನೆಯವರು ಬರೆದಿಟ್ಟ ಬರಹ ಅದರಲ್ಲಿ ನಡೆಯುತ್ತಿದ್ದರೆ ನೀರು ಹೊತ್ತಿಗೆ ಸರಿಯಾಗಿ ತಳದಿಂದ ಮೇಲೆ ಬರುತ್ತದೆ, ಕೊಡ ತುಂಬಿಸಿಕೊಂಡ ಮೇಲೆ ಇಳಿಯುತ್ತದೆ. ಮನುಷ್ಯ ಬರೆದದ್ದನ್ನು ಯಂತ್ರ ಹಾಗೆಯೇ ಓದಲಾರದು. ಮೊದಲು ಕಂಪೈಲ್ ಆಗಬೇಕು. ಅದಕ್ಕೆ ನಮ್ಮಲ್ಲಿ ಅಡಿಗೆ ಎನ್ನುತ್ತಾರೆ. ಎಲ್ಲ ಯಂತ್ರಗಳಿಗೂ ಅಡಿಯಲ್ಲಿರುವ ವ್ಯವಸ್ಥೆಯೇ ನೆಲಗಟ್ಟು. ಅದನ್ನು ನೋಡಿಕೊಳ್ಳುವುದು ಚಾವಡಿಯವರ ಕೆಲಸ. ನೆಲಗಟ್ಟು ಬದಲಾದರೆ ಹಳೆಯ ಅಡಿಗೆ ಅದರ ಮೇಲೆ ನಿಲ್ಲದು. ಪ್ರತಿ ಮನೆಯವರೂ ಮತ್ತೆ ಬೇಯಿಸಿಕೊಳ್ಳಬೇಕು.

ಹಿಂದಿನವರು ಒಂದು ನಿಯಮ ಮಾಡಿಟ್ಟಿದ್ದಾರೆ. ಹೊರಗಿನಿಂದ ಪಡಿ ತರಬಹುದು, ಬೆಂದದ್ದನ್ನು ತರಬಾರದು. ಯಾರ ಬರಹವನ್ನಾದರೂ ಕೇಳಿ ಪಡೆಯಬಹುದು, ಓದಬಹುದು, ತಿದ್ದಬಹುದು. ಬೇಯುವುದು ಮಾತ್ರ ನಿನ್ನ ಮನೆಯಲ್ಲೇ ಆಗಬೇಕು. ಬೆಂದದ್ದರೊಳಗೆ ಏನಿದೆಯೆಂದು ದೇವರೊಬ್ಬನ ಹೊರತು ಯಾರೂ ಹೇಳಲಾರರು. ಪರರ ಅಡಿಗೆಯಿಂದ ಎದ್ದ ನೀರು ಕುಡಿಯುವುದಕ್ಕೆ, ಮೀಯುವುದಕ್ಕೆ ಆದೀತು. ದೇವಕಾರ್ಯಕ್ಕೂ ಪಿತೃಕಾರ್ಯಕ್ಕೂ ಆಗದು.

ಈ ನಿಯಮ ಆ ವಾರ ನನ್ನ ಮನೆಯ ಬಾಗಿಲಿಗೇ ಬಂದು ನಿಂತಿತು. ನನ್ನ ತಂಗಿ ಗೋದಾವರಿ ಮಾಘ ಬಹುಳ ದಶಮಿಯ ದಿನ ತೀರಿಕೊಂಡಳು. ಬರುವ ದಶಮಿಗೆ, ಹನ್ನೊಂದನೆಯ ದಿನದ್ದೂ ಸೇರಿ, ಅವಳ ಐದನೆಯ ಮಾಸಿಕ. ಅವಳು ಮದುವೆಯಾಗಲಿಲ್ಲ, ಮಾಡಬೇಕಾದವನು ನಾನೊಬ್ಬನೇ. ತರ್ಪಣದ ನೀರು ಮನೆಯ ಬಾವಿಯದೇ ಆಗಬೇಕು, ಆ ಬಾವಿಯ ಬರಹ ಬರೆದವಳೂ ಅವಳೇ, ಹತ್ತೊಂಬತ್ತು ವರ್ಷ ಕೂತು. ನನ್ನ ಕೈಯಲ್ಲಿದ್ದದ್ದು ಒಂಬತ್ತು ದಿನ.

ಏರಿಕೆಯಾದ ದಿನವೇ ಚಾವಡಿಯ ಕಾರ್ಯದರ್ಶಿ ಜಯತೀರ್ಥ ಮನೆಮನೆಗೆ ಸೂಚನೆಯ ಹಾಳೆ ಹಂಚುತ್ತ ಬಂದ. ನಲವತ್ತರ ಗಂಡಸು, ಕುತ್ತಿಗೆಯಲ್ಲಿ ಇನ್ನೂ ಹಾರದ ಒಂದು ಎಸಳು ಅಂಟಿಕೊಂಡಿತ್ತು.

“ರಾಯರ, ಹಾಳಿ ತೊಗೋರಿ. ಏನೂ ತ್ರಾಸಿಲ್ಲ. ಒಂದ ತಾಸಿನ ಕೆಲಸ.”

“ಯಾರ ತಾಸು?” ಎಂದೆ.

“ಅಂದ್ರ?”

“ಏನಿಲ್ಲ. ಹಳೇ ನೆಲಗಟ್ಟಿಗೆ ಏನಾಗಿತ್ತೋ?”

“ಏನೂ ಆಗಿರಲಿಲ್ರಿ.”

“ಮತ್ತ ಯಾಕ ತಗದ್ರಿ?”

“ಹಳೇದಾಗಿತ್ತಲ್ರಿ.”

“ನಾನೂ ಹಳೇಂವ ಆಗೇನಿ.”

“ನಿಮ್ಮನ್ನ ತಗಿಯೂದು ನಮ್ಮ ಚಾವಡೀ ಕೈಯಾಗಿಲ್ರಿ,” ಎಂದು ಅವನು ಮುಂದಿನ ಮನೆಗೆ ನಡೆದ. ಬಾಯಿ ಚುರುಕಾಗಿದೆ. ಆ ಚುರುಕು ಕೈಗೂ ಇದ್ದಿದ್ದರೆ ಊರು ಉದ್ಧಾರವಾಗುತ್ತಿತ್ತು.

ಹಾಳೆಯಲ್ಲಿ ಆರು ಸೂಚನೆಗಳಿದ್ದವು. ಮೊದಲನೆಯದು ಗೋಮಯ. ಊಟವಾದ ಮೇಲೆ ಎಲೆ ತೆಗೆದು ನೆಲಕ್ಕೆ ಗೋಮಯ ಹಚ್ಚುವ ಹಾಗೆ, ಹಿಂದಿನ ಅಡಿಗೆಯಲ್ಲಿ ಬೆಂದು ಉಳಿದ ತುಣುಕುಗಳನ್ನೆಲ್ಲ ಯಂತ್ರದಿಂದ ಅಳಿಸುವುದಕ್ಕೆ ಈ ಹೆಸರು. ನಾನು ಅದನ್ನು ಮಾಡಲಿಲ್ಲ. ತಂಗಳು ಇಡುವ ಮನೆಯವರಿಗೆ ಆ ಸೂಚನೆ ಇರಬಹುದು, ನಮ್ಮ ಮನೆಯಲ್ಲಿ ಆ ಪದ್ಧತಿಯಿಲ್ಲ ಎಂದುಕೊಂಡು ಎರಡನೆಯದರಿಂದ ತೊಡಗಿದೆ.

ಅಡಿಗೆಗೆ ಇಟ್ಟ ಐದು ನಿಮಿಷದಲ್ಲಿ ಅರವತ್ತೊಂದು ಎರರ್ ಬಂದವು.

ಹಳೆಯ ಕಂಪೈಲರ್‌ನ ನಡತೆಯನ್ನು ಬಲ್ಲವರಿಗೆ ಹೊಸದರ ನಡತೆ ಎಷ್ಟು ಅಸಹ್ಯವೆಂಬುದು ತಿಳಿದೀತು. ಒಂದು ಕೆಲಸ ಮುಗಿದ ಮೇಲೆ ಏನನ್ನು ಹಿಂದಿರುಗಿಸುತ್ತದೆಯೆಂದು ಬರೆಯದಿದ್ದರೆ, ಪೂರ್ಣಾಂಕವಿರಬೇಕು ಎಂದು ಹಳೆಯದು ತಾನೇ ತಿಳಿದುಕೊಂಡು ಸುಮ್ಮನಿರುತ್ತಿತ್ತು. ಅದು ಹಳೆಯ ಅಡಿಗೆಯವರ ರೀತಿ. ಉಪ್ಪು ಹಾಕು ಎಂದರೆ ಎಷ್ಟು ಎಂದು ಕೇಳುವವನು ಅಡಿಗೆಯವನೇ ಅಲ್ಲ. ಹೊಸದು ಹದಿನೇಳನೆಯ ಸಾಲಿನಲ್ಲೇ ನಿಂತು, ‘ಇದು ಏನನ್ನು ಹಿಂದಿರುಗಿಸುತ್ತದೆ, ನೀವು ಹೇಳಿಲ್ಲ’ ಎಂದಿತು. ಮುಂದೆ ನಲವತ್ತನೆಯ ಸಾಲಿನಲ್ಲಿ, ‘ಈ ಹೆಸರಿನವರು ಯಾರು, ಮೊದಲು ತಿಳಿಸಿಲ್ಲ’ ಎಂದಿತು. ಹತ್ತೊಂಬತ್ತು ವರ್ಷದಿಂದ ಆ ಮನೆಯಲ್ಲೇ ಇದ್ದ ಹೆಸರು ಅದು. ನಿನ್ನೆ ಬಂದವನು ಮನೆಯವರನ್ನು ಯಾರು ಎಂದು ಕೇಳುತ್ತಾನೆ.

ಆದರೂ ನಾನು ಕೂತೆ. ನಮ್ಮೂರಿನಲ್ಲಿ ಅಕ್ಷರ ಕಲಿಸುವಾಗಲೇ ಇದನ್ನೂ ಕಲಿಸುತ್ತಾರೆ; ಮರೆತಿದ್ದೆ, ಅಷ್ಟೇ. ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ, ಫಕೀರವ್ವನ ಗಿರಣಿಯ ಬಾವಿಯಿಂದ ಎರಡು ಕೊಡ ಕುಡಿಯುವ ನೀರು ತಂದಿಟ್ಟು, ಯಂತ್ರದ ಮುಂದೆ ಮಣೆ ಹಾಕಿಕೊಳ್ಳುವುದು. ಮೇಲಿನ ತಪ್ಪನ್ನು ಮೊದಲು ತಿದ್ದಬೇಕು, ಕೆಳಗಿನದಕ್ಕೆ ಕೈ ಹಾಕಬಾರದು ಎಂದು ಗೋದಾವರಿ ಯಾರಿಗೋ ಹೇಳುತ್ತಿದ್ದುದು ನೆನಪಾಯಿತು. ಅದು ನಿಜ. ಹದಿನೇಳನೆಯ ಸಾಲಿನಲ್ಲಿ ‘ಪೂರ್ಣಾಂಕ’ ಎಂದು ಒಂದು ಪದ ಬರೆದರೆ ಕೆಳಗಿನ ಒಂಬತ್ತು ಎರರ್ ತಾವಾಗಿ ಹೋದವು. ಗಡಿಯಾರ ಓದುವ ಹೆಡರ್ ಫೈಲು, ಎಂದರೆ ಬೇಯುವಾಗ ಬರಹಕ್ಕೆ ಬೆರೆಯುವ ನೆಲಗಟ್ಟಿನ ಕಡೆಯ ಮಸಾಲೆ, ಸಿಗಲಿಲ್ಲ ಎಂದಿತು. ಹುಡುಕಿದರೆ ಅದನ್ನು ಬೇರೆ ಕೋಣೆಗೆ ಸಾಗಿಸಿ ಬೇರೆ ಹೆಸರಿಟ್ಟಿದ್ದರು. ಯಾಕೆ ಸಾಗಿಸಿದಿರಿ ಎಂದರೆ ಆ ಕೋಣೆ ಖಾಲಿ ಇತ್ತು ಎನ್ನುವ ಜನ.

ಒಂದು ಮಾತು ಒಪ್ಪಿಕೊಳ್ಳಬೇಕು. ಅವಳ ಬರಹವನ್ನು ನಾನು ಅದುವರೆಗೆ ಓದಿರಲಿಲ್ಲ. ಒಂದೇ ಸೂರಿನ ಕೆಳಗಿದ್ದವಳು, ದಿನಾ ಮಾತಾಡುವವಳು. ಅವಳು ಬರೆದದ್ದನ್ನು ಓದುವ ಅಗತ್ಯವೇನು ಎಂದಿದ್ದೆ. ಅವಳ ಸಾಲುಗಳು ಅವಳ ಹಾಗೆಯೇ ಇದ್ದವು. ಏಕಾದಶಿಯ ದಿನ ನೀರು ಅರ್ಧ ತಾಸು ಮೊದಲೇ ಬರಬೇಕು; ಗ್ರಹಣ ಹಿಡಿದಾಗ ಬರಬಾರದು, ಬಿಟ್ಟ ಕೂಡಲೇ ಬರಬೇಕು; ಹೊರಗೆ ಮಳೆ ಹೊಡೆಯುತ್ತಿದ್ದರೆ ಸುಮ್ಮನೆ ಮೇಲೆ ಬಂದು ಸೊಕ್ಕು ತೋರಿಸಬಾರದು. ಇಷ್ಟನ್ನೂ ಸಣ್ಣ ಸಣ್ಣ ಪದಗಳಲ್ಲಿ ಬರೆದಿದ್ದಳು. ಒಂದು ಸಾಲು ತಿದ್ದುವಾಗಲೂ ನನಗೆ ಅವಳ ಪೆಟ್ಟಿಗೆ ತೆರೆದು ಸೀರೆ ಮಡಿಕೆ ಬದಲಿಸಿದ ಹಾಗೆ ಆಗುತ್ತಿತ್ತು. ಹರಿಸ್ಮರಣೆ ಮಾಡಿ ತಿದ್ದಿದೆ.

ಚೌತಿಯ ಹೊತ್ತಿಗೆ ಎರರ್ ಹನ್ನೊಂದಕ್ಕೆ ಇಳಿದವು. ಓಣಿಯಲ್ಲಿ ಬೇರೆಯದೇ ನಡೆಯುತ್ತಿತ್ತು. ಎದುರುಮನೆಯ ಗುರುನಾಥ ಮಾಸ್ತರ ಬೆಳಗ್ಗೆ ಹಲ್ಲುಜ್ಜುತ್ತ ನನ್ನ ಕಿಟಕಿಗೆ ಬಂದು ನಿಲ್ಲುತ್ತಿದ್ದರು.

“ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದ್ರ ಹೆಂಗ್ರಿ?”

“ನೀವು ಮಾಡೀರೇನು?”

“ನಮ್ಮದು ಬಂತಲ್ರಿ ನೀರು.”

“ಹೆಂಗ ಬಂತು?”

ಮಾಸ್ತರರು ಉಗುಳಲು ಬಚ್ಚಲಿಗೆ ಹೋದರು, ಮರಳಿ ಬರಲಿಲ್ಲ. ಹೇಗೆ ಬಂತೆಂದು ನನಗೆ ಗೊತ್ತಿತ್ತು. ಚಾವಡಿಯಲ್ಲಿ ಬೇಯಿಸಿದ ಗಂಟುಗಳನ್ನು ಜಯತೀರ್ಥ ಕೇಳಿದವರಿಗೆಲ್ಲ ಕೊಡುತ್ತಿದ್ದ. ಮನೆಗೆ ಒಯ್ದು ಬಿಚ್ಚಿದರೆ ಮುಗಿಯಿತು. ಓದುವುದಿಲ್ಲ, ತಿದ್ದುವುದಿಲ್ಲ, ಒಲೆ ಹೊತ್ತಿಸುವುದಿಲ್ಲ. ಪಂಚಮಿಯ ದಿನದಿಂದ ನಮ್ಮ ಓಣಿಯ ಹನ್ನೆರಡು ಬಾವಿಗಳು ಆರು ಗಂಟೆ ಹತ್ತು ನಿಮಿಷಕ್ಕೆ ಕವಾಯತಿನವರ ಹಾಗೆ ಒಮ್ಮೆಲೇ ಎದ್ದು, ಆರೂವರೆಗೆ ಒಮ್ಮೆಲೇ ಕೂತವು. ಮಾಸ್ತರರ ಹೆಂಡತಿಗೆ ಎಂಟರ ಮೊದಲು ಏಳುವ ಅಭ್ಯಾಸವಿಲ್ಲ, ಅವರ ಬಾವಿ ಮೊದಲು ಒಂಬತ್ತಕ್ಕೆ ಏಳುತ್ತಿತ್ತು. ಈಗ ಆ ತಾಯಿ ಐದೂಮುಕ್ಕಾಲಿಗೆ ಕಣ್ಣು ತಿಕ್ಕುತ್ತ ಕೊಡ ಹಿಡಿದು ನಿಂತಿರುತ್ತಿದ್ದರು. ಮನುಷ್ಯರಿಗೆ ತಕ್ಕ ಬಾವಿ ಇದ್ದ ಊರಿನಲ್ಲಿ ಬಾವಿಗೆ ತಕ್ಕ ಮನುಷ್ಯರಾದರು. ಒಬ್ಬರೂ ನಾಚಲಿಲ್ಲ. ಅದೇ ಗಂಟಿನ ನೀರಿನಲ್ಲಿ ಒಬ್ಬರು ಸತ್ಯನಾರಾಯಣ ಪೂಜೆಯನ್ನೂ ಮಾಡಿದರು, ಪ್ರಸಾದ ಕಳಿಸಿದರು, ನಾನು ಆಕಳಿಗೆ ಹಾಕಿದೆ.

ಸಪ್ತಮಿಯ ದಿನ ಒಂದೇ ಒಂದು ಎರರ್ ಉಳಿಯಿತು. ಬೆಂದ ತುಣುಕುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಕೊನೆಯ ಹೊತ್ತಿನಲ್ಲಿ ಅದು ಬಂತು. ‘ಪಾತಾಳಮಟ್ಟ: ಈ ಹೆಸರು ಎಲ್ಲೂ ಸಿಗಲಿಲ್ಲ.’

ಅಂಥ ಪದವನ್ನು ನಾನು ತಿದ್ದುವಾಗ ಕಂಡಿರಲಿಲ್ಲ. ಅವಳ ಎಲ್ಲ ಫೈಲುಗಳಲ್ಲಿ ಆ ಪದವನ್ನು ಹುಡುಕು ಎಂದು ಯಂತ್ರಕ್ಕೆ ಹೇಳಿದೆ. ಒಂದು ಕಡೆಯೂ ಇಲ್ಲ ಎಂದು ಉತ್ತರ ಬಂತು. ಮತ್ತೆ ಬೇಯಿಸಿದೆ, ಮತ್ತೆ ಅದೇ, ಪಾತಾಳಮಟ್ಟ. ಗೋದಾವರಿ ಇಂಥ ಪದ ಬರೆಯುವವಳಲ್ಲ. ನೀರು ಕೆಳಗಿದ್ದರೆ ಕೆಳಗೆ ಎನ್ನುವವಳು. ಯಾರೂ ಬರೆಯದ ಪದವನ್ನು ಹಿಡಿದುಕೊಂಡು ಆ ಯಂತ್ರ ಒಂದು ದಿನವಿಡೀ ನನ್ನನ್ನು ಪೀಡಿಸಿತು. ಯಾವುದಾದರೂ ಪಿತೃದೋಷವಿರಬಹುದೇ ಎಂಬ ಯೋಚನೆಯೂ ಬಂತು. ಹನ್ನೆರಡು ಸಲ ವಿಷ್ಣುವಿನ ನಾಮ ಹೇಳಿ ಅದನ್ನು ಓಡಿಸಿದೆ.

ಅಷ್ಟಮಿಯ ಬೆಳಗ್ಗೆ ಚಾವಡಿಗೆ ಹೋದೆ. ಜಯತೀರ್ಥ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದ.

“ನಿನ್ನ ಒಂದು ತಾಸು ಎಂಟು ದಿನ ಆತು,” ಎಂದೆ.

ಅವನು ಎದ್ದು ನನಗೆ ಖುರ್ಚಿ ಕೊಟ್ಟ. ಎರರ್ ಹೇಳಿದೆ.

“ನಿಮ್ಮ ಬರಹದಾಗ ಎಲ್ಲೋ ಇರಬೇಕ್ರಿ.”

“ಇಲ್ಲ. ಹುಡಕಿಸೇನಿ.”

“ನೆಲಗಟ್ಟಿನಾಗೂ ಇಲ್ರಿ ಅದು. ಏಳರಾಗ ಇತ್ತು, ಎಂಟರಾಗ ತಗದೇವಿ.”

“ತಗದು ಎಲ್ಲೆ ಇಟ್ರಿ?”

“ತಗದದ್ದನ್ನ ಇಡೂದಿಲ್ರಿ, ತಗಿಯೂದು.”

“ಛಂದ ಆತು. ನಮ್ಮಪ್ಪ ಹಲ್ಲು ತಗದ್ರೂ ಒಂದು ಕಾಗದದಾಗ ಕಟ್ಟಿ ಇಡತಿದ್ದ.”

ಅವನು ನಗಲಿಲ್ಲ. “ಹಾಳ್ಯಾಗಿನ ಆರೂ ಸೂಚನಾ ಮಾಡೀರಿಲ್ಲೋ?” ಎಂದ.

“ಆರೂ ಮಾಡೇನಿ,” ಎಂದೆ.

ಸಲೀಸಾಗಿ ಬಂತು ಮಾತು. ದಿನಕ್ಕೆ ಮೂರು ಸಲ ಗಾಯತ್ರಿ ಜಪಿಸುವ ಬಾಯಿ ಇದು. ಒಂದಿಷ್ಟೂ ತೊದಲಲಿಲ್ಲ.

ಜಯತೀರ್ಥ ಒಂದು ಗಂಟನ್ನು ಮೇಜಿನ ಮೇಲಿಟ್ಟ. “ರಾಯರ, ಸಿಟ್ಟಾಗಬ್ಯಾಡ್ರಿ. ನಾಡದ್ದ ಗೋದಕ್ಕನ ಮಾಸಿಕ ಅದ ಅಂತ ನನಗೂ ಗೊತ್ತದ. ನನ್ನ ಮನೀ ಬಾವಿ ಬರಹದಾಗ ಅರ್ಧ ಅಕಿನ ಬರದು ಕೊಟ್ಟದ್ದು. ಇದೊಂದು ಸಲ ಇದನ್ನ ಒಯ್ರಿ. ಮುಂದಿನ ತಿಂಗಳ ತನಕಾ ಇಬ್ಬರೂ ಕೂತು ತಪ್ಪು ಹುಡುಕೋಣಂತ. ಯಾರಿಗೆ ತಿಳೀತದ?”

“ಯಾರಿಗೂ ತಿಳಿಯೂದಿಲ್ಲ ಅಂತ ಮಾಡೂದಕ್ಕ ಶ್ರಾದ್ಧ ಯಾಕ ಬೇಕೋ? ಅದು ಕಾಣದವರಿಗೇ ಮಾಡೂದು,” ಎಂದೆ. ಗಂಟನ್ನು ಕೋಲಿನ ತುದಿಯಿಂದ ಅವನ ಕಡೆಗೆ ತಳ್ಳಿದೆ. ಚೀಟಿ ಅಂಟಿಸುತ್ತಿದ್ದ ಮತ್ತಿಬ್ಬರು ತಲೆ ತಗ್ಗಿಸಿದರು. ನಾನು ತಲೆಯೆತ್ತಿಕೊಂಡು ಮೆಟ್ಟಿಲಿಳಿದೆ. ಆ ಮೆಟ್ಟಿಲಿಳಿಯುವಾಗಿನ ನನ್ನ ಠೀವಿಯನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ನವಮಿಯ ದಿನ ಮಾಸಿಕಕ್ಕೆ ಬೇಕಾದ ಗೋಧಿಯನ್ನು ಗಿರಣಿಗೆ ಒಯ್ದೆ. ನೀರಿಲ್ಲದಿದ್ದರೂ ಹಿಟ್ಟು ಇರಲಿ ಎಂಬುದು ಯಾವ ತರ್ಕವೋ ನಾನರಿಯೆ. ಗಿರಣಿಯ ಫಕೀರವ್ವ ಐವತ್ತು ದಾಟಿದ ಹೆಂಗಸು, ಹುಬ್ಬಿನ ಮೇಲೆ ಸದಾ ಹಿಟ್ಟು. ತನ್ನ ಬಾವಿಯ ಬರಹವನ್ನೂ ಗಿರಣಿಯ ಬರಹವನ್ನೂ ತಾನೇ ಬರೆದುಕೊಂಡವಳು; ಪಾಡ್ಯದ ದಿನವೇ ಮಧ್ಯಾಹ್ನದೊಳಗೆ ಬೇಯಿಸಿ, ಮೂರು ಗಂಟೆಗೆ ಜೋಳ ಬೀಸತೊಡಗಿದ್ದಳು.

“ಅಕ್ಕಾರ ಬಾವಿ ಇನ್ನೂ ಎದ್ದಿಲ್ಲೇನ್ರೀ?” ಎಂದಳು.

“ಇಲ್ಲ.”

“ಜಯತೀರ್ಥಪ್ಪ ನೋಡ್ಯಾನೇನು?”

“ಅಂವಾ ಏನು ನೋಡತಾನ, ಅಂವಗ ಹಾರ ಹಾಕ್ಕೊಳ್ಳಿಕ್ಕೇ ಪುರಸೊತ್ತಿಲ್ಲ.”

“ಹಂಗಾರ ನಾ ಬರಲೇನ್ರಿ?”

ಬೇಡವೆನ್ನಲು ಬಾಯಿ ತೆರೆದೆ. ಮರುದಿನ ದಶಮಿ. ಬಾ ಎಂದೆ.

ಅವಳು ಗಿರಣಿ ನಿಲ್ಲಿಸಿ, ಕೈ ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹಿಂದೆಯೇ ಬಂದಳು. ಯಂತ್ರದ ಮುಂದೆ ಕೂತು ಎರರ್ ಓದಿದಳು, ನನ್ನ ತಿದ್ದುಪಡಿಗಳನ್ನು ನೋಡಿದಳು. “ಭೇಷ್ ಮಾಡೀರಿ,” ಎಂದಳು. ನನಗೆ ಹಿಗ್ಗಾಯಿತು. ಆಮೇಲೆ ಬೆಂದ ತುಣುಕುಗಳ ಪಟ್ಟಿ ತೆಗೆದಳು. ನಮ್ಮ ಯಂತ್ರಗಳು ಯಾವ ತುಣುಕು ಯಾವ ತಿಥಿಗೆ ಬೆಂದಿತೆಂದು ಮುಂದೆ ಬರೆದು ತೋರಿಸುತ್ತವೆ. ಬೆರಳಿಟ್ಟು ಮೇಲಿನಿಂದ ಇಳಿಯುತ್ತ ಹೋದಳು. ಜ್ಯೇಷ್ಠ, ಜ್ಯೇಷ್ಠ, ಜ್ಯೇಷ್ಠ. ಒಂದು ಕಡೆ ಬೆರಳು ನಿಂತಿತು.

“ಇದು ನೋಡ್ರಿ. ‘ಕಟ್ಟೆ’ ಅನ್ನೂ ಫೈಲು. ಮಾಘ ಬಹುಳ ಅಷ್ಟಮಿ, ಸಂಜಿ ಮುಂದ.”

ನಾನು ನೋಡಲಿಲ್ಲ. ಆ ಸಾಲನ್ನು ಕಳೆದ ನಾಲ್ಕು ತಿಂಗಳಲ್ಲಿ ಎಷ್ಟು ಸಲ ನೋಡಿದ್ದೆನೋ. ಅವಳು ಹೋಗುವುದಕ್ಕೆ ಎರಡು ದಿನ ಮೊದಲು, ಜ್ವರದಲ್ಲೇ ಎದ್ದು ಬಂದು ಇದೇ ಮಣೆಯ ಮೇಲೆ ಕೂತು ಏನೋ ಮಾಡಿ, ಹೋಗಿ ಮಲಗಿದ್ದಳು. ಮತ್ತೆ ಏಳಲಿಲ್ಲ.

“ರಾಯರ, ಒಂದ ಮಾತು ಕೇಳತೀನಿ,” ಎಂದಳು ಫಕೀರವ್ವ. “ಮೆಣಸಿನಕಾಯಿ ಬೀಸಿದ ಕಲ್ಲಿಗೆ ಹಂಗ ಗೋಧಿ ಹಾಕಿದ್ರ ಏನಾಕ್ಕೈತಿ?”

“ಹಿಟ್ಟು ಖಾರ ಆಗತದ.”

“ಆವಾಗ ಖಾರ ಎಲ್ಲಿಂದ ಬಂತು ಅಂತ ಗೋಧಿ ಹಸನ ಮಾಡಕೋತ ಕುಂತ್ರ ಸಿಗತೈತೇನ್ರಿ? ನೀವು ಎಂಟ ದಿನಾ ಗೋಧಿ ಹಸನ ಮಾಡೀರಿ. ಖಾರ ಇರೂದು ಕಲ್ಲಿನಾಗ.”

ಅವಳು ಬಿಡಿಸಿ ಹೇಳಿದಳು. ಗೋದಾವರಿ ಬರೆದದ್ದು ‘ಕೆಳಗೆ’ ಎಂದೇ. ಏಳನೆಯ ನೆಲಗಟ್ಟಿನ ಹೆಡರ್ ಫೈಲು ಬೇಯುವ ಹೊತ್ತಿನಲ್ಲಿ ಆ ‘ಕೆಳಗೆ’ಯನ್ನು ಒಳಗೊಳಗೇ ‘ಪಾತಾಳಮಟ್ಟ’ ಎಂದು ಬದಲಿಸುತ್ತಿತ್ತು. ಮಿಕ್ಕ ಫೈಲುಗಳು ಹೊಸ ಹೆಡರ್ ಕಂಡು ತಾವಾಗಿ ಹೊಸದಾಗಿ ಬೆಂದಿದ್ದವು. ‘ಕಟ್ಟೆ’ ಮಾತ್ರ ಅವಳು ಜ್ವರದಲ್ಲಿ ಕೊನೆಗೆ ಸೇರಿಸಿದ್ದು. ಹೆಡರ್ ಬದಲಾದರೆ ಇದೂ ಮತ್ತೆ ಬೇಯಬೇಕು ಎಂದು ಅವಳು ಯಂತ್ರಕ್ಕೆ ಬರೆದು ತಿಳಿಸಿರಲಿಲ್ಲ. ಹಾಗಾಗಿ ಅದು ಮಾಘದಲ್ಲಿ ಬೆಂದದ್ದು ಹಾಗೆಯೇ ಕೂತಿತ್ತು. ಬರಹದಲ್ಲಿಲ್ಲದ ಪದ ತಂಗಳಿನಲ್ಲಿತ್ತು.

“ಗೋಮಯ ಮಾಡಿದ್ರ ಮೊದಲನೇ ದಿನಾನ ಹೋಗತಿತ್ತು. ಹಾಳ್ಯಾಗ ಮೊದಲನೇದ್ದ ಐತಲ್ರಿ ಅದು,” ಎಂದಳು. ಅವಳು ನನ್ನ ಮುಖ ನೋಡಿದಳು. “ನಿಮಗ ಗೊತ್ತಿತ್ತು.”

“ಅಕಿ ಕೈಯಿಂದ ಬೆಂದದ್ದು ಅದೇ ಕಡೀದು,” ಎಂದೆ.

ಫಕೀರವ್ವ ಪಟ್ಟಿಯ ಮೇಲಿಂದ ಬೆರಳು ತೆಗೆದಳು. ಹೊರಗೆ ಮಾಸ್ತರರ ಆಕಳು ಕೂಗುತ್ತಿತ್ತು. “ಅಕ್ಕಾರು ಇದ್ದಿದ್ರ ಬೈತಿದ್ರು ನಿಮಗ,” ಎಂದಳು.

“ಬೈಲಿ.”

“ನಾಳೆ ಅವರಿಗೇ ನೀರ ಇಲ್ಲದಂಗ ಆಕ್ಕೈತ್ರಿ,” ಎಂದು ಎದ್ದಳು. ಬಾಗಿಲಲ್ಲಿ ನಿಂತು, “ಹಿಟ್ಟು ಹೊಳ್ಳಿ ಬಂದು ಒಯ್ರಿ,” ಎಂದು ಹೇಳಿ ಹೋದಳು. ಅಳಿಸಿರಿ ಎಂದು ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಅವಳ ಮೇಲೆ ಸಿಟ್ಟಾಗಿ ಹಾಯಾಗಿರುತ್ತಿದ್ದೆ.

ಎಂಟು ದಿನ ನಾನು ಮಾಸ್ತರರನ್ನು ಹಂಗಿಸಿದೆ, ಪ್ರಸಾದವನ್ನು ಆಕಳಿಗೆ ಹಾಕಿದೆ, ಗಂಟನ್ನು ಕೋಲಿನಿಂದ ತಳ್ಳಿದೆ. ಅವರು ತಿಂದದ್ದು ಪರರ ಅಡಿ‌ಗೆಯಾದರೂ ಬಿಸಿಯದು. ನಾನು ನಾಲ್ಕು ತಿಂಗಳ ತಂಗಳನ್ನು ಒಳಗಿಟ್ಟುಕೊಂಡು ಮಡಿ ಉಟ್ಟು ಕೂತಿದ್ದೆ. ಅದನ್ನು ಓದಲು ನನಗೆ ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಆ ತುಣುಕಿನಲ್ಲಿ ಅವಳ ಧ್ವನಿಯಿಲ್ಲ, ಕೈಬರಹವಿಲ್ಲ. ಒಂದು ತಿಥಿ ಮಾತ್ರ ಇದೆ. ಅಳಿಸಿದರೆ ಆ ಜಾಗದಲ್ಲಿ ಜ್ಯೇಷ್ಠ ಬಹುಳ ನವಮಿ ಎಂದು ಬರುತ್ತದೆ, ಆಮೇಲೆ ಈ ಮನೆಯ ಯಂತ್ರದಲ್ಲಿ ಅವಳು ಬದುಕಿದ್ದ ದಿನದ ಬೆಂದ ತುಣುಕು ಒಂದೂ ಇರುವುದಿಲ್ಲ. ಹಾಗೆಂದು ಅದನ್ನು ಉಳಿಸಿಕೊಂಡರೆ ನಾಳೆ ಅವಳ ಹೆಸರು ಗೋತ್ರ ಹೇಳಿ ಬರಿಗೈ ಬಗ್ಗಿಸಬೇಕು. ಸತ್ತವರಿಗೆ ಬೇಕಾದದ್ದು ಎಳ್ಳುನೀರು; ತಿಥಿ ಬೇಕಾದದ್ದು ನನಗೆ.

ಮಧ್ಯಾಹ್ನ ಮೂರು ಗಂಟೆಗೆ ಕೈಕಾಲು ತೊಳೆದು ಬಂದು ಕೂತೆ. ಗೋಮಯದ ಆಜ್ಞೆ ಕೊಟ್ಟೆ. ಯಂತ್ರ ‘ಖಚಿತವೇ’ ಎಂದು ಕೇಳಲಿಲ್ಲ. ಏನು ಅಳಿಸಿತೆಂದೂ ಹೇಳಲಿಲ್ಲ. ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಅಡಿಗೆಗೆ ಇಟ್ಟೆ.

ಪಾತಾಳಮಟ್ಟ ಹೋಗಿತ್ತು. ಹೊಸದಾಗಿ ಬೇಯಲು ಹೋದ ‘ಕಟ್ಟೆ’ಯಲ್ಲಿ ಮಾತ್ರ ಒಂದು ಎರರ್ ಬಂತು. ‘ಮೂರನೆಯ ಸಾಲು: ಇದು ಏನನ್ನು ಹಿಂದಿರುಗಿಸುತ್ತದೆ, ನೀವು ಹೇಳಿಲ್ಲ.’ ನಾನು ಆ ಫೈಲನ್ನು ಅದುವರೆಗೆ ತೆರೆದಿರಲಿಲ್ಲ. ಎರರ್ ಇಲ್ಲದ ಫೈಲನ್ನು ಯಾರು ತೆರೆಯುತ್ತಾರೆ? ಪದ ಹುಡುಕಿದ್ದು ಯಂತ್ರ, ನಾನಲ್ಲ. ತೆರೆದೆ. ಒಟ್ಟು ಒಂಬತ್ತು ಸಾಲು. ಮೊದಲ ಎರಡು ಸಾಲು ಯಂತ್ರಕ್ಕಲ್ಲ, ಓದುವವರಿಗೆ ಬರೆದ ಟಿಪ್ಪಣಿ. ಹತ್ತೊಂಬತ್ತು ವರ್ಷದ ಬರಹದಲ್ಲಿ ಅವಳು ಬೇರೆಲ್ಲೂ ಟಿಪ್ಪಣಿ ಬರೆದಿರಲಿಲ್ಲ.

‘ಅಣ್ಣಗ ಬಗ್ಗಲಿಕ್ಕೆ ಆಗೂದಿಲ್ಲ. ಹೇಳಿದ್ರ ಒಪ್ಪೂದಿಲ್ಲ.
ಇನ್ನ ಮ್ಯಾಲೆ ನೀರು ಒಂದು ಮೊಳ ಹೆಚ್ಚಿಗಿ ಬರಲಿ.’

ಮೊದಲು ಸಿಟ್ಟೇ ಬಂತು. ನನ್ನ ಬೆನ್ನಿಗೇನಾಗಿದೆ? ನೆಟ್ಟಗಿದೆ, ಅದೇ ಅದರ ರೋಗವೆಂದು ವೈದ್ಯರು ಹೇಳುತ್ತಾರೆ, ನಾನು ಮನೆಯಲ್ಲಿ ಹೇಳಿರಲಿಲ್ಲ. ಫಾಲ್ಗುಣದಿಂದೀಚೆ ನೀರು ಕಟ್ಟೆಯ ಅಂಚಿಗೇ ಬಂದು ನಿಲ್ಲುತ್ತಿತ್ತು. ಅದನ್ನು ನಾನು ಗಮನಿಸಿದ್ದೆ. ಒಂಟಿಯಾದವನ ಮೇಲೆ ದೇವರು ಕರುಣೆ ತೋರಿಸಿದ್ದಾನೆಂದು ದಿನಾ ಎರಡು ತುಳಸಿದಳ ಹೆಚ್ಚಿಗೆ ಏರಿಸುತ್ತಿದ್ದೆ. ದೇವರು ಅವನ್ನು ಯಾರ ಹೆಸರಿಗೆ ಬರೆದುಕೊಂಡನೋ.

ಮೂರನೆಯ ಸಾಲಿನ ಮುಂದೆ ‘ಪೂರ್ಣಾಂಕ’ ಎಂದು ಬರೆದೆ. ಕನ್ನಡಕ ಎರಡು ಸಲ ಒರೆಸಬೇಕಾಯಿತು. ಟಿಪ್ಪಣಿಯನ್ನು ಮುಟ್ಟಲಿಲ್ಲ. ಅಡಿಗೆ ಆಯಿತು.

ದಶಮಿಯ ದಿನ ಐದೂವರೆಗೆ, ಓಣಿಯ ಬಾವಿಗಳು ಕವಾಯತಿಗೆ ಏಳುವ ಮೊದಲೇ, ನಮ್ಮ ಬಾವಿಯ ನೀರು ಸದ್ದಿಲ್ಲದೆ ಮೇಲೆ ಬಂದು ಅಂಚಿನಲ್ಲಿ ನಿಂತಿತು. ನಾನು ನಿಂತೇ ಮೊಗೆದುಕೊಂಡೆ. ಅವಳ ಹೆಸರಿಗೆ ಎಳ್ಳುನೀರು ಬಿಟ್ಟೆ.

ಮಾಸಿಕದ ಎಲೆಗೆ ಜಯತೀರ್ಥನನ್ನು ಕರೆದಿದ್ದೆ. ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ, ಬಂದ. ಮಡಿ ಉಟ್ಟು ಎಲೆಯ ಮುಂದೆ ಕೂತು, ಎಲೆಯ ಸುತ್ತ ಬಿಡುವ ಪರಿಷೇಚನೆಗೆ ನೀರು ಹಾಕಿಸಿಕೊಳ್ಳುತ್ತ, “ತಪ್ಪು ಎಲ್ಲೆ ಇತ್ರಿ, ರಾಯರ?” ಎಂದ.

“ಮೊದಲನೇ ಸೂಚನಾ ಮಾಡಿರಲಿಲ್ಲ.”

ಅವನ ಕೈ ನಿಂತಿತು. “ಆರೂ ಮಾಡೇನಿ ಅಂದಿದ್ರಿ.”

“ಸುಳ್ಳು ಹೇಳಿದ್ದೆ.”

ಅವನು ತಲೆ ತಗ್ಗಿಸಿಕೊಂಡು ಎಲೆಯ ಮೇಲಿನ ಉಪ್ಪನ್ನು ನೋಡಿದ. ಎಂಟನೆಯ ನೆಲಗಟ್ಟಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಗಂಟಿನ ಬಗ್ಗೆಯೂ ಇಲ್ಲ, ಅದನ್ನೂ ಹೇಳಬೇಕೆಂದಿದ್ದೆ.

“ಇನ್ನೊಮ್ಮೆ ಹೇಳ್ರಿ,” ಎಂದ ಅವನು. “ನಿಮ್ಮ ಬಾಯಿಲೆ ಇಂಥಾದ್ದು ಕೇಳೇನಿ ಅಂದ್ರ ಮನ್ಯಾಗ ಯಾರೂ ನಂಬೂದಿಲ್ಲ.”

ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಬಾವಿಯ ನೀರಾದರೆ ಒಂದು ಮೊಳ ಮೇಲೆ ಬರುತ್ತದೆ. ನೆಲದ ಮೇಲೆ ಹಾಸಿದ ಎಲೆ ಬರುವುದಿಲ್ಲ. ಒಂದು ಕೈಯಿಂದ ಗೋಡೆ ಹಿಡಿದುಕೊಂಡು ಬಗ್ಗಿದೆ. ಸುಳ್ಳು ಹೇಳಿದ್ದೆ ಎಂದು ಇನ್ನೊಮ್ಮೆ ಹೇಳಿ, ಅವನಿಗೆ ಸಾರು ಬಡಿಸಿದೆ.